ಜಿಮ್ ರೀವ್ಸ್, ಜಾನ್ ಡೆನ್ವರ್ ಆದಮೇಲೆ ಯಾವ ಕಂಟ್ರಿ ಆಲ್ಬಮ್ ಕೇಳಬೇಕು?

ನೀವು ಕೇಳಿರುವುದು ಇಷ್ಟು: ಮನೆಯ ಹಳೆಯ ಕ್ಯಾಸೆಟ್ಟುಗಳಿಂದ ಅಮೆರಿಕದ ಕಂಟ್ರಿ ಗಾಯಕರಾದ ಜಿಮ್ ರೀವ್ಸ್, ಜಾನ್ ಡೆನ್ವರ್ ಗೊತ್ತು, ಈಗಿನ ಕಂಟ್ರಿ ಹುಡುಕಿದರೆ ಆ್ಯಪ್‌ನಲ್ಲಿ ಬರುವುದೆಲ್ಲ ಪಾಪ್ ಹಾಡಿನಂತೆ ಕೇಳಿಸುತ್ತದೆ, ಈಚೆಗೆ ಬಂದ ಕಂಟ್ರಿ ಮತ್ತು ಅಮೆರಿಕಾನಾ ಆಲ್ಬಮ್‌ಗಳಲ್ಲಿ ಯಾವುವು ಚೆನ್ನಾಗಿವೆ, ಎಲ್ಲಿಂದ ಶುರು ಮಾಡಲಿ?

'ಕಂಟ್ರಿ' ಎಂದು ಹುಡುಕಿದಾಗ ಆ್ಯಪ್‌ಗಳು ಮೊದಲು ಮುಂದಿಡುವುದು ಕಂಟ್ರಿ ಉದ್ಯಮದ ಕೇಂದ್ರವಾದ ನ್ಯಾಶ್‌ವಿಲ್‌ನ ರೇಡಿಯೊ ಹಾಡುಗಳನ್ನು. ಅವುಗಳಲ್ಲಿ ಕಂಪ್ಯೂಟರಿನಲ್ಲಿ ಜೋಡಿಸಿದ ತಾಳ, ದಪ್ಪ ದನಿಯ ಎಲೆಕ್ಟ್ರಿಕ್ ಗಿಟಾರ್ ಹೆಚ್ಚು. ಪಿಟೀಲು, ಬ್ಯಾಂಜೊ ಒಗ್ಗರಣೆಗೆ ಇದ್ದಷ್ಟೇ. ನಿಮಗೆ ಬೇಕಾದದ್ದು ಬಹುಪಾಲು 'ಅಮೆರಿಕಾನಾ' ಎಂಬ ಹೆಸರಿನಡಿ ಸಿಗುತ್ತದೆ. ಕಂಟ್ರಿ, ಫೋಕ್, ಬ್ಲೂಸ್, ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲುಗಳ ವೇಗದ ಗ್ರಾಮೀಣ ಸಂಗೀತ) ಬೇರುಗಳನ್ನು ಬಿಡದೆ ಹಾಡುವವರನ್ನೆಲ್ಲ ಒಟ್ಟಿಗೆ ಕರೆಯಲು 1990ರ ದಶಕದಲ್ಲಿ ಬಳಕೆಗೆ ಬಂದ ಹೆಸರು ಇದು. 1999ರಲ್ಲಿ ಅದಕ್ಕೊಂದು ಸಂಘವಾಯಿತು, 2010ರಿಂದ ಗ್ರ್ಯಾಮಿಯಲ್ಲಿ ಅಮೆರಿಕಾನಾ ಆಲ್ಬಮ್‌ಗೆ ಬೇರೆಯೇ ಪ್ರಶಸ್ತಿ ಇದೆ. ಕಂಟ್ರಿಗೂ ಇದಕ್ಕೂ ನಡುವೆ ಗೋಡೆಯೇನಿಲ್ಲ, ಒಬ್ಬರೇ ಗಾಯಕರು ಎರಡೂ ಕಡೆ ಲೆಕ್ಕಕ್ಕೆ ಬರುತ್ತಾರೆ.

ಕೇಳುವ ಕ್ರಮದ ಬಗ್ಗೆ ನನ್ನ ಸಲಹೆ ಒಂದೇ: ವಾದ್ಯ ಕಡಿಮೆ ಇರುವ ಆಲ್ಬಮ್‌ನಿಂದ ಹೆಚ್ಚು ಇರುವುದರ ಕಡೆಗೆ ಹೋಗಿ. ಈ ಸಂಗೀತದಲ್ಲಿ ಪ್ರತಿ ವಾದ್ಯಕ್ಕೂ ಅದರದೇ ಮಾತಿದೆ. ಮೊದಲ ದಿನವೇ ಏಳೆಂಟು ವಾದ್ಯಗಳ ಬ್ಯಾಂಡ್ ಕೇಳಿದರೆ ಎಲ್ಲ ಸೇರಿ ಒಂದೇ ಮುದ್ದೆಯಾಗಿ ಕಿವಿಗೆ ಬೀಳುತ್ತದೆ, 'ಎಲ್ಲ ಹಾಡೂ ಒಂದೇ ಥರ' ಎಂದು ಜನ ಕೈಬಿಡುವುದು ಅಲ್ಲೇ. ಒಂದೊಂದಾಗಿ ಪರಿಚಯ ಮಾಡಿಕೊಂಡರೆ ಯಾವ ಗುಂಪಿನಲ್ಲಿದ್ದರೂ ಗುರುತು ಸಿಗುತ್ತದೆ.

ಅದಕ್ಕೂ ಮುಂಚೆ ಫೋನ್ ಸರಿಮಾಡಿಕೊಳ್ಳಿ. ಷಫಲ್ ಆಫ್ ಮಾಡಿ. ಕ್ರಾಸ್‌ಫೇಡ್ ಇದ್ದರೆ ಸೊನ್ನೆಗಿಡಿ, ಇಲ್ಲದಿದ್ದರೆ ಹಾಡಿನ ಕೊನೆಯಲ್ಲಿ ತಂತಿಯ ನಾದ ಇಳಿಯುತ್ತಿರುವಾಗಲೇ ಮುಂದಿನ ಹಾಡು ಮೇಲೆ ಬಿದ್ದುಬಿಡುತ್ತದೆ. ಸ್ಪಾಟಿಫೈನಲ್ಲಿ ಆಡಿಯೊ ಗುಣಮಟ್ಟ 'ಆಟೊಮ್ಯಾಟಿಕ್' ಎಂದಿದ್ದರೆ ನೆಟ್‌ವರ್ಕ್ ಕುಂದಿದಾಗ ಅದೂ ಕುಂದುತ್ತದೆ. ನಿಮ್ಮ ಪ್ಲ್ಯಾನ್‌ನಲ್ಲಿ ಸಿಗುವ ಅತಿ ಹೆಚ್ಚಿನ ಗುಣಮಟ್ಟಕ್ಕೆ ಏರಿಸಿ, ಡೌನ್‌ಲೋಡ್ ಸೌಲಭ್ಯವಿದ್ದರೆ ವೈಫೈ ಇದ್ದಾಗ ಮಾಡಿಟ್ಟುಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ. ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಮರದ ಬೇಸ್ ಅದರಲ್ಲಿ ಕೇಳಿಸುವುದೇ ಇಲ್ಲ, ಹಾಡಿಗೆ ಕಾಲೇ ಇಲ್ಲದಂತಾಗುತ್ತದೆ. ಸಾಧಾರಣ ಬೆಲೆಯ ವೈರಿನ ಇಯರ್‌ಫೋನ್ ಸಾಕು. ಇನ್ನೊಂದು ಗೊಂದಲ 'ಡೀಲಕ್ಸ್' ಆವೃತ್ತಿಗಳದು: ಕೊನೆಯಲ್ಲಿ ನಾಲ್ಕೈದು ಹೆಚ್ಚುವರಿ ಹಾಡು ಅಂಟಿಸಿರುತ್ತಾರೆ. ಮೊದಲ ಸಲ ಮೂಲ ಆವೃತ್ತಿಯನ್ನೇ ಕೇಳಿ, ಕಲಾವಿದರು ಎಲ್ಲಿ ಮುಗಿಸಬೇಕೆಂದುಕೊಂಡರೋ ಅಲ್ಲೇ ಮುಗಿಯಲಿ.

ಮೊದಲನೆಯದು ಜೇಸನ್ ಇಸ್ಬೆಲ್‌ರ 'ಫಾಕ್ಸಸ್ ಇನ್ ದ ಸ್ನೋ', 2025. ಒಂದು ಕಂಠ, ಒಂದು ಗಿಟಾರ್, 11 ಹಾಡು. ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊದಲ್ಲಿ ಐದೇ ದಿನಗಳಲ್ಲಿ ಮುಗಿಸಿದ್ದು. ಆ ಗಿಟಾರ್ 1940ರ ಮಾರ್ಟಿನ್ 0-17. ಸಾಮಾನ್ಯವಾಗಿ ಗಿಟಾರಿನ ಮೇಲ್ಹಲಗೆ ಸ್ಪ್ರೂಸ್ ಮರದ್ದಾಗಿರುತ್ತದೆ. ಇದರಲ್ಲಿ ಮೇಲ್ಹಲಗೆಯೂ ಮಹಾಗನಿ, ಮೈಯೂ ಚಿಕ್ಕದು. ಹಾಗಾಗಿ ಮಂದ್ರದ ಗುಂಯ್ಗುಡುವಿಕೆ ಕಡಿಮೆ, ನಡುವಿನ ಸ್ವರಗಳು ಒಣಗಿದ ಕಟ್ಟಿಗೆ ತಟ್ಟಿದಂತೆ ಸ್ಪಷ್ಟ. ಮೊದಲ ಹಾಡು 'ಬರಿ ಮಿ' ಬರೀ ಕಂಠದಿಂದ ಶುರುವಾಗುತ್ತದೆ, ಗಿಟಾರ್ ಆಮೇಲೆ ಬರುತ್ತದೆ. ಅದು ಬಂದ ಕ್ಷಣವನ್ನು ಗಮನಿಸಿ. ಇವರು ಮೈಕಿಗೆ ಹತ್ತಿರ ನಿಂತು ದನಿ ಏರಿಸದೆ ಹಾಡುವ ಕಡೆಗಳಲ್ಲೆಲ್ಲ ರೀವ್ಸ್ ಕೇಳಿದವರಿಗೆ ಹಳೆಯ ಪರಿಚಯ ಸಿಕ್ಕಂತಾಗುತ್ತದೆ. ಮದುವೆ ಮುರಿದ ಮೇಲಿನ ಹಾಡುಗಳು ಇವು, ಸಾಹಿತ್ಯ ಎದುರಿಗಿಟ್ಟುಕೊಂಡೇ ಕೇಳಬೇಕು. ಹಿನ್ನೆಲೆಗೆ ಹಾಕಿಕೊಂಡರೆ ಈ ಆಲ್ಬಮ್ ಏನನ್ನೂ ಕೊಡುವುದಿಲ್ಲ.

ಎರಡನೆಯದು ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್‌ರ 'ವುಡ್‌ಲ್ಯಾಂಡ್', 2024. ಈ ದಶಕದಲ್ಲಿ ಒಂದೇ ಒಂದು ಆರಿಸು ಎಂದರೆ ನಾನು ಆರಿಸುವುದು ಇದನ್ನೇ. ಹೆಸರು ನ್ಯಾಶ್‌ವಿಲ್‌ನಲ್ಲಿರುವ ಇವರದೇ ಸ್ಟುಡಿಯೊದ್ದು. 1971ರಲ್ಲಿ ನಿಟಿ ಗ್ರಿಟಿ ಡರ್ಟ್ ಬ್ಯಾಂಡ್‌ನ ಯುವಕರು ಹಳೆಯ ತಲೆಮಾರಿನ ಕಂಟ್ರಿ ದಿಗ್ಗಜರನ್ನು ಕೂರಿಸಿಕೊಂಡು ಧ್ವನಿಮುದ್ರಿಸಿದ್ದು ಇದೇ ಕಟ್ಟಡದಲ್ಲಿ. 2020ರ ಮಾರ್ಚ್‌ನ ಸುಂಟರಗಾಳಿಗೆ ಇದರ ಮಾಡು ಹಾರಿಹೋಯಿತು. ಮಳೆಯಲ್ಲಿ ಇಬ್ಬರೂ ಟೇಪುಗಳನ್ನೂ ವಾದ್ಯಗಳನ್ನೂ ಉಳಿಸಿಕೊಂಡು, ವರ್ಷಗಟ್ಟಲೆ ರಿಪೇರಿ ಮಾಡಿಸಿ, ಅಲ್ಲಿಯೇ ಈ ಹತ್ತು ಹಾಡುಗಳನ್ನು ಮಾಡಿದರು. ಮೊದಲ ಹಾಡಿನ ಹೆಸರು 'ಎಂಪ್ಟಿ ಟ್ರೇನ್‌ಲೋಡ್ ಆಫ್ ಸ್ಕೈ': ಸೇತುವೆಯ ಮೇಲೆ ಹೋಗುವ ಖಾಲಿ ಗೂಡ್ಸ್ ರೈಲು, ಅದರ ಡಬ್ಬಿಗಳ ತುಂಬ ಆಕಾಶ. ಇಂಥ ಒಂದು ನೋಟ ಸಿಕ್ಕರೆ ಹಾಡಿಗೆ ಬೇರೇನೂ ಬೇಡ.

ಇಲ್ಲಿ ಕೇಳಬೇಕಾದದ್ದು ಎರಡು ಗಿಟಾರುಗಳ ಸಂಭಾಷಣೆ. ವೆಲ್ಚ್ ಕೈಯಲ್ಲಿರುವ ದೊಡ್ಡ ಗಿಬ್ಸನ್ ತಾಳವನ್ನೂ ಮಂದ್ರವನ್ನೂ ಹೊತ್ತು ನಡೆಯುತ್ತದೆ. ರಾಲಿಂಗ್ಸ್‌ದು 1935ರ ಎಪಿಫೋನ್ ಒಲಿಂಪಿಕ್: ಪಿಟೀಲಿನಂತೆ ಮೇಲ್ಮೈ ಉಬ್ಬಿರುವ ಚಿಕ್ಕ ವಾದ್ಯ, ಆ ಕಾಲದಲ್ಲಿ ಅಗ್ಗದ ಮಾದರಿ. ದನಿ ಕಿರಿದು, ಸ್ವಲ್ಪ ಮೂಗಿನದು. ಅದರಿಂದಲೇ ದೊಡ್ಡ ಗಿಟಾರಿನ ಪಕ್ಕದಲ್ಲಿ ಮುಳುಗದೆ ಮೇಲೆ ತೇಲುತ್ತದೆ. ಅವರು ಸ್ವರವನ್ನು ನೆಲೆಗೆ ತಲುಪಿಸುವ ಮುಂಚೆ ಪಕ್ಕದ ಸ್ವರದಲ್ಲಿ ಒಂದು ಕ್ಷಣ ನಿಲ್ಲಿಸಿ ಕಾಯಿಸುತ್ತಾರೆ. ಆ ಕಾಯುವಿಕೆ ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಮತ್ತೆ ಅದಕ್ಕೇ ಹಿಂದಿರುಗುತ್ತೀರಿ. ಕಂಠದಲ್ಲೂ ಹೀಗೆಯೇ, ಇಬ್ಬರ ದನಿ ಎಷ್ಟು ಹತ್ತಿರವೆಂದರೆ ಯಾರದು ಯಾವುದು ಎಂದು ಬಿಡಿಸಲು ಕಷ್ಟ. ಮುಖ್ಯ ರಾಗವನ್ನು ಬಿಟ್ಟು ಇನ್ನೊಬ್ಬರ ಸಾಲನ್ನು ಮಾತ್ರ ಹಿಡಿದು ಹೋಗಲು ಪ್ರಯತ್ನಿಸಿ, ಅದೊಂದು ಬೇರೆಯೇ ಹಾಡು. ರೀವ್ಸ್ ಹಾಡುಗಳ ಹಿಂದಿನ ತಂತಿವಾದ್ಯಗಳ ಮೇಳ ನಿಮಗೆ ಇಷ್ಟವಾಗಿದ್ದರೆ 'ವಾಟ್ ವಿ ಹ್ಯಾಡ್' ಇಲ್ಲಿನ ನಿಮ್ಮ ಹಾಡು.

ಮೂರನೆಯದರಲ್ಲಿ ಬ್ಯಾಂಜೊ, ಪಿಟೀಲು. ರಿಯಾನನ್ ಗಿಡೆನ್ಸ್ ಮತ್ತು ಜಸ್ಟಿನ್ ರಾಬಿನ್ಸನ್‌ರ 'ವಾಟ್ ಡಿಡ್ ದ ಬ್ಲ್ಯಾಕ್‌ಬರ್ಡ್ ಸೇ ಟು ದ ಕ್ರೋ', 2025. ನಾರ್ತ್ ಕ್ಯಾರೊಲೈನಾದ ಹಳೆಯ 18 ಹಾಡು, ಕುಣಿತದ ಗತ್ತುಗಳು. ಇವರಿಬ್ಬರ ಗುರು ಜೋ ಥಾಂಪ್ಸನ್ ಎಂಬ ಕಪ್ಪು ಪಿಟೀಲುಗಾರ. ಅವರ ಮನೆಯ ಹೊರಗೆ, ಬಯಲಿನಲ್ಲೇ ಕೂತು ಕೆಲವನ್ನು ಮುದ್ರಿಸಿದ್ದಾರೆ. ಹಕ್ಕಿ, ಜೀರುಂಡೆಗಳ ಸದ್ದು ಹಾಗೆಯೇ ಇದೆ, ಇಯರ್‌ಫೋನ್ ಕೆಟ್ಟಿದೆ ಎಂದುಕೊಳ್ಳಬೇಡಿ. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯ. ಅದರ ಐದನೆಯ ತಂತಿ ಮಾತ್ರ ಗಿಡ್ಡ, ಕುತ್ತಿಗೆಯ ನಡುವಿನಿಂದ ಶುರುವಾಗುತ್ತದೆ. ಹಳೆಯ ಶೈಲಿಯಲ್ಲಿ ಉಗುರಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆದು, ಹೆಬ್ಬೆರಳನ್ನು ಆ ಗಿಡ್ಡ ತಂತಿಯ ಮೇಲೆ ಬಿಡುತ್ತಾರೆ. ಹೀಗೆ ಒಂದೇ ಸ್ವರ ಶ್ರುತಿಯಂತೆ ಹಾಡಿನುದ್ದಕ್ಕೂ ಮಿಡಿಯುತ್ತದೆ. ನಮ್ಮ ಚೌಡಿಕೆ, ಏಕತಾರಿಯ ಮಿಡಿತ ಕೇಳಿದವರಿಗೆ ಇದು ಹೊಸದೆನಿಸುವುದಿಲ್ಲ. ಬೆರಳಿಗೆ ಲೋಹದ ಪಿಕ್ ಹಾಕಿ ಧಾರೆಯಾಗಿ ಸುರಿಸುವ ಬ್ಲೂಗ್ರಾಸ್ ಬ್ಯಾಂಜೊ ಇದಲ್ಲ. ಅದು ಬೇಕಿದ್ದರೆ ಮಾಲಿ ಟಟಲ್‌ರ 'ಕ್ರುಕೆಡ್ ಟ್ರೀ', 2022. ಬಿಯಾನ್ಸೆಯ 'ಟೆಕ್ಸಸ್ ಹೋಲ್ಡ್ ಎಮ್' ಕೇಳಿದ್ದೀರಾದರೆ ಅದರಲ್ಲಿ ಬ್ಯಾಂಜೊ ನುಡಿಸಿದವರೂ ಇದೇ ಗಿಡೆನ್ಸ್.

ಇನ್ನು ಪೆಡಲ್ ಸ್ಟೀಲ್. ಕಂಟ್ರಿ ಹಾಡು 'ಅಳುತ್ತದೆ' ಎನ್ನುವುದು ಇದರ ದನಿಯಿಂದಲೇ. ಮೇಜಿನಂಥ ಚೌಕಟ್ಟು, ಅದರ ಮೇಲೆ 10 ತಂತಿ, ಕೆಳಗೆ ಪೆಡಲ್‌ಗಳು, ಮಂಡಿಯಿಂದ ತಳ್ಳುವ ಲಿವರ್‌ಗಳು. ಎಡಗೈಯಲ್ಲಿ ಉಕ್ಕಿನ ಸಲಾಕೆ ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ. ಇಷ್ಟರಮಟ್ಟಿಗೆ ಇದು ನಮ್ಮ ಗೋಟುವಾದ್ಯದ ನೆಂಟ. ಆದರೆ ಅಳು ಬರುವುದು ಸಲಾಕೆಯಿಂದಲ್ಲ, ಪೆಡಲಿನಿಂದ. ಸಾಮಾನ್ಯ ಶ್ರುತಿಯಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ ಒಟ್ಟಿಗೆ ಮೊಳಗುತ್ತಿವೆ ಎಂದುಕೊಳ್ಳಿ. ಮೊದಲೆರಡು ಪೆಡಲ್ ಒತ್ತಿದರೆ ಗಾಂಧಾರ ಶುದ್ಧ ಮಧ್ಯಮಕ್ಕೂ ಪಂಚಮ ಚತುಃಶ್ರುತಿ ಧೈವತಕ್ಕೂ ಏರುತ್ತವೆ, ಷಡ್ಜ ಮಾತ್ರ ಕದಲದೆ ನಿಂತಿರುತ್ತದೆ. ಒಂದು ನಿಂತು ಎರಡು ಜಾರುವಾಗ ಹುಟ್ಟುವ ಆ ಸೆಳೆತವೇ ಅಳು. ವೀಣೆಯಲ್ಲಿ ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆಳೆದು ಗಮಕ ತರುವುದನ್ನು ಇಲ್ಲಿ ಕಾಲು ಮಾಡುತ್ತದೆ ಎನ್ನಬಹುದು. ಡೋಬ್ರೊ ಎಂಬ ಇನ್ನೊಂದು ಜಾರುವ ಗಿಟಾರ್ ಇದೆ, ಅದಕ್ಕೆ ಪೆಡಲ್ ಇಲ್ಲ. ಎಲ್ಲ ಸ್ವರವೂ ಒಟ್ಟಿಗೆ ಜಾರಿದರೆ ಡೋಬ್ರೊ ಎಂದೂ, ಕೆಲವು ಮಾತ್ರ ಜಾರಿದರೆ ಪೆಡಲ್ ಸ್ಟೀಲ್ ಎಂದೂ ಊಹಿಸಿದರೆ ತಪ್ಪುವುದು ಅಪರೂಪ.

ಇದನ್ನು ಮನಸಾರೆ ಕೇಳಲು ಜ್ಯಾಕ್ ಟಾಪ್‌ರ 'ಕೋಲ್ಡ್ ಬಿಯರ್ ಆ್ಯಂಡ್ ಕಂಟ್ರಿ ಮ್ಯೂಸಿಕ್', 2024. ಹೆಸರು ಹಗುರ, ಕೆಲಸ ಗಟ್ಟಿ. ನಿರ್ಮಾಪಕ ಕಾರ್ಸನ್ ಚೇಂಬರ್ಲಿನ್ ಸ್ವತಃ ಸ್ಟೀಲ್ ನುಡಿಸುವವರು, ಒಂದು ಕಾಲಕ್ಕೆ ಕಂಟ್ರಿ ಗಾಯಕ ಕೀತ್ ವಿಟ್ಲಿಯವರ ಬ್ಯಾಂಡ್‌ನಲ್ಲಿದ್ದವರು. ಹಾಗಾಗಿ ಸ್ಟೀಲ್, ಪಿಟೀಲುಗಳಿಗೆ ಮುಂದಿನ ಸಾಲಿನಲ್ಲೇ ಜಾಗ. ಇದು ಅಮೆರಿಕಾನಾ ಅಲ್ಲ, ಅಪ್ಪಟ ಕಂಟ್ರಿ.

ಈಗ ಬ್ಯಾಂಡ್‌ಗಳಿಗೆ ಬರಬಹುದು. 2024ರ ಮಾರ್ಚ್ 22ರಂದು ಒಂದೇ ದಿನ ಎರಡು ಒಳ್ಳೆಯ ಆಲ್ಬಮ್ ಬಂದವು. ವ್ಯಾಕ್ಸಹ್ಯಾಚಿ ಎಂಬ ಹೆಸರಿನಲ್ಲಿ ಹಾಡುವ ಕೇಟೀ ಕ್ರಚ್‌ಫೀಲ್ಡ್‌ರ 'ಟೈಗರ್ಸ್ ಬ್ಲಡ್' ಒಂದು, ಸಿಯೆರಾ ಫೆರಲ್‌ರ 'ಟ್ರೇಲ್ ಆಫ್ ಫ್ಲವರ್ಸ್' ಇನ್ನೊಂದು. ಮೊದಲನೆಯದು ರಾಕ್ ಕಡೆಗೆ ವಾಲಿದ್ದು. 'ರೈಟ್ ಬ್ಯಾಕ್ ಟು ಇಟ್' ಹಾಡಿನಲ್ಲಿ ಎಂ. ಜೆ. ಲೆಂಡರ್‌ಮನ್‌ರ ಸೋಮಾರಿ ದನಿ ಕ್ರಚ್‌ಫೀಲ್ಡ್‌ರ ಚೂಪಾದ ದನಿಯ ಕೆಳಗೆ ಬಂದು ಕೂರುವುದನ್ನು, ಹಿಂದೆ ಬ್ಯಾಂಜೊ ಸಣ್ಣಗೆ ಓಡುವುದನ್ನು ಈಗ ನಿಮ್ಮ ಕಿವಿ ತಾನಾಗಿಯೇ ಹಿಡಿಯುತ್ತದೆ. ಎರಡನೆಯದು ಜಾತ್ರೆಯ ಹಾಗೆ, ಒಂದು ಹಾಡು ಪಿಟೀಲಿನ ಕುಣಿತ, ಮುಂದಿನದು ಜೋಗುಳ. ಅದಕ್ಕೆ ಅಮೆರಿಕಾನಾ ಆಲ್ಬಮ್‌ನದೂ ಸೇರಿ ನಾಲ್ಕು ಗ್ರ್ಯಾಮಿ ಬಂತು. ಮೊದಲ ಹಾಡು 'ಅಮೆರಿಕನ್ ಡ್ರೀಮಿಂಗ್' ಹಿಡಿಸದಿದ್ದರೆ ನಿಲ್ಲಿಸಬೇಡಿ, 'ಫಾಕ್ಸ್ ಹಂಟ್' ತನಕ ಹೋಗಿ.

ಜ್ಯಾಕ್ ಬ್ರಯನ್‌ರ 'ಅಮೆರಿಕನ್ ಹಾರ್ಟ್‌ಬ್ರೇಕ್' ಎಲ್ಲರೂ ಹೇಳುವ ಹೆಸರು. ಹಾಡುಗಳಲ್ಲಿ ಪ್ರಾಮಾಣಿಕತೆ ಇದೆ, ಆದರೆ 34 ಹಾಡು, ಎರಡು ಗಂಟೆ. ಶುರುವಿಗೆ ಖಂಡಿತ ಬೇಡ.

ಕೊನೆಗೆ ಕೆಂಟಕಿಯ ಟೈಲರ್ ಚಿಲ್ಡರ್ಸ್‌ರ 'ಸ್ನೈಪ್ ಹಂಟರ್', 2025, ರಿಕ್ ರೂಬಿನ್ ನಿರ್ಮಾಣ. ಇದರಲ್ಲಿರುವ ಒಂದು ಹಾಡಿನ ಹೆಸರು 'ತೀರ್ಥ ಯಾತ್ರಾ': ಬೆಟ್ಟದ ಸೀಮೆಯ ಆಡುಮಾತಿನಲ್ಲಿ, ಭಗವದ್ಗೀತೆ ಓದಿದವನೊಬ್ಬ ಕುರುಕ್ಷೇತ್ರವನ್ನು ಕಣ್ಣಾರೆ ಕಾಣಬೇಕೆಂದು ಹಂಬಲಿಸುತ್ತಾನೆ. ಅದರಲ್ಲಿ ಅಣಕವಿಲ್ಲ, ಅಲಂಕಾರಕ್ಕೆ ಸಿತಾರ್ ತುರುಕುವ ಹಳೆಯ ಚಾಳಿಗಿಂತ ಎಷ್ಟೋ ಮೇಲು. ಆಲ್ಬಮ್ ಗದ್ದಲದ್ದು, ಕಂಠವನ್ನು ಕೆಲವೆಡೆ ಬೇಕೆಂದೇ ಒರಟಾಗಿಸಿದ್ದಾರೆ, ಮೊದಲ ಸಲ ಕಿವಿಗೆ ಸ್ವಲ್ಪ ಕಷ್ಟ. ಹಾಗೆನಿಸಿದರೆ ಅವರ 2017ರ 'ಪರ್ಗಟೋರಿ'ಗೆ ಹೋಗಿ 'ಲೇಡಿ ಮೇ' ಹಾಕಿ: ಆಲ್ಬಮ್‌ನ ಕೊನೆಯ ಹಾಡು, ಅಲ್ಲಿ ಮತ್ತೆ ಒಂದು ಕಂಠ, ಒಂದು ಗಿಟಾರ್.