ಹಳ್ಳದ ದಂಡೆಯಲ್ಲಿ ನಿವೇಶನ: ಸದಸ್ಯೆಯೊಬ್ಬರಿಗೆ ಉತ್ತರ

ಓದುಗರ ಪತ್ರ: ನಾನು ಲಿಂಗಸುಗೂರು ತಾಲ್ಲೂಕಿನ ನದಿತೀರದ ಗ್ರಾಮ ಪಂಚಾಯಿತಿಯೊಂದರ ಸದಸ್ಯೆ. ರಸ್ತೆಗೆ ಹತ್ತಿರವೆಂದು ಹಳ್ಳದ ದಂಡೆಯ ಹೊಲದಲ್ಲಿ ನಿವೇಶನ ಮಾಡಲು ಹೊರಟಿದ್ದಾರೆ. ನೆರೆಯ ಮಾತೆತ್ತಿದರೆ, “ಎಂದೋ ಬರುವ ನೀರಿಗೆ ಹೆದರಿ ಊರು ಬೆಳೆಯಬಾರದೇ?” ಎನ್ನುತ್ತಾರೆ. ಏನು ಹೇಳಲಿ?

ಸಂಪಾದಕರ ಉತ್ತರ: ಊರು ಬೆಳೆಯಲೇಬೇಕು. ಒಂದೇ ಸೂರಿನಡಿ ಮೂರು ಸಂಸಾರಗಳು ಇಕ್ಕಟ್ಟಿನಲ್ಲಿರುವಾಗ ನಿವೇಶನ ಬೇಡವೆನ್ನಲು ನಾವು ಯಾರು? ಆದರೆ ಎಲ್ಲಿ ಎಂಬುದನ್ನು ರಸ್ತೆ ಹತ್ತಿರವೆಂಬುದೊಂದೇ ತೀರ್ಮಾನಿಸಬಾರದು.

ಕೃಷ್ಣಾ ನದಿಯ ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗುವುದನ್ನು, ನಡುಗಡ್ಡೆಯ ಜನ ದಡ ಸೇರಲಾಗದೆ ಉಳಿಯುವುದನ್ನು ನೀವು ಬಲ್ಲಿರಿ. ಅದು ಹೊಳೆಯ ನೆರೆ, ಮುನ್ನೆಚ್ಚರಿಕೆಯಾದರೂ ಸಿಗುತ್ತದೆ. ಹಳ್ಳ ಹಾಗಲ್ಲ. ಎಲ್ಲೋ ಮೇಲೆ ಸುರಿದ ಮಳೆ ರಾತ್ರೋರಾತ್ರಿ ಇಳಿದು ಬರುತ್ತದೆ. ಎರೆ ಭೂಮಿ ಒಮ್ಮೆ ತೋಯ್ದರೆ ಮತ್ತೆ ನೀರು ಕುಡಿಯುವುದಿಲ್ಲ. ಕೃಷ್ಣೆಯೂ ತುಂಬಿದ್ದರೆ ಹಳ್ಳದ ನೀರಿಗೆ ಹೊಳೆ ಸೇರುವ ದಾರಿಯಿಲ್ಲ. ಅದು ಹಿಂದಕ್ಕೆ ಒತ್ತಿ ದಂಡೆಯ ಹೊಲಗಳಲ್ಲಿ ಹರಡಿಕೊಳ್ಳುತ್ತದೆ. ನಿಮ್ಮೂರಿನವರು ನಿವೇಶನಕ್ಕೆಂದು ಆರಿಸಿರುವುದು ಅಂಥ ಹೊಲವನ್ನೇ. ಮಣ್ಣು ತುಂಬಿ ಅದನ್ನು ಎತ್ತರಿಸಿದರೆ ನೀರು ಎದುರು ದಂಡೆಗೆ ನುಗ್ಗುತ್ತದೆ. ಅಲ್ಲಿ ಯಾರ ಕೇರಿಯಿದೆ? ಈ ಪ್ರಶ್ನೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಕೇಳಿ.

ವಾರ್ಡ್ ಸಭೆಗೆ ಮುನ್ನ ಗ್ರಾಮ ನಕಾಶೆಯ ಪ್ರತಿ ತರಿಸಿ, ಹಳ್ಳ ಮತ್ತು ಅದರ ಖರಾಬು (ಸಾಗುವಳಿಗಲ್ಲದ) ಜಾಗವನ್ನು ಗುರುತಿಸಿ. ಅನಂತರ ಹಿರಿಯರನ್ನು, ಕುರಿಗಾಹಿಗಳನ್ನು ಕರೆದುಕೊಂಡು ದಂಡೆಯುದ್ದಕ್ಕೂ ನಡೆಯಿರಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಗುಡಿಯ ಕಟ್ಟೆ ಮುಟ್ಟಿತ್ತು, ಯಾವ ಬೇವಿನ ಮರದ ಬುಡ ಮುಳುಗಿತ್ತು ಎಂದು ಕೇಳಿ ನಕಾಶೆಯ ಮೇಲೆ ಗೆರೆ ಎಳೆಯಿರಿ. ಆ ಗೆರೆಯೊಳಗೆ ಮನೆ ಬೇಡವೆಂದು ಗ್ರಾಮ ಸಭೆಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳುಹಿಸಿ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಜಮೀನಿನ ಪರಿವರ್ತನೆಗೆ ಅನುಮತಿ ಕೊಡುವುದು ಅವರೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರೂ ಅವರೇ. ಹಾಗಾಗಿ ಎರಡೂ ಕಡತಗಳು ಸೇರುವುದು ಒಂದೇ ಮೇಜಿಗೆ.

ಆದರೆ ಬೇಡವೆಂದು ಹೇಳಿ ಸುಮ್ಮನಾಗಬೇಡಿ, ಬದಲಿ ಜಾಗ ತೋರಿಸಿ. ಇಲ್ಲಿ ನಾವು ಹಿಂದೆ ತಪ್ಪಿದ್ದೇವೆ. 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಕಟ್ಟಿದ ಮನೆಗಳು ಹಲವೆಡೆ ಖಾಲಿ ಉಳಿದವು. ಅದನ್ನು ಜನರ ಹಟವೆಂದು ಕರೆದದ್ದು ಅನ್ಯಾಯ. ಎತ್ತು ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರ. ಒಕ್ಕಲುತನದ ಮನೆ ಅಲ್ಲಿ ಹೇಗೆ ನಡೆದೀತು?

ದಿಬ್ಬದ ಜಾಗಕ್ಕೆ ನೀರಿನ ಚಿಂತೆಯೂ ಇದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರಲ್ಲಿ ಯಾವ ಬೋರ್‌ವೆಲ್ ಬತ್ತಲಿಲ್ಲ ಎಂಬುದು ಕೊಡ ಹೊತ್ತ ಹೆಂಗಸರಿಗೆ ಗೊತ್ತು. ಅವರ ಮಾತು ಕೇಳಿದ ಮೇಲೆಯೇ ಜಾಗ ಗೊತ್ತುಮಾಡಿ. ನಿವೇಶನಕ್ಕೆ ಅರ್ಜಿ ಹಾಕಿದ ಕುಟುಂಬಗಳನ್ನೂ ಅಲ್ಲಿಗೆ ಕರೆದೊಯ್ಯಿರಿ. ಕೊಟ್ಟಿಗೆ ಎಲ್ಲಿ, ಬಣವೆ ಎಲ್ಲಿ ಎಂದು ಅವರೇ ಸುಣ್ಣದ ಗೆರೆ ಹಾಕಲಿ. ನಕಾಶೆ ಸಿದ್ಧವಾದಾಗ ನಮಗೊಂದು ಪ್ರತಿ ಕಳುಹಿಸಿ, ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.