ಕುಡಿತ ಬಿಟ್ಟ ಮೇಲೆ ಕೈ ನಡುಗುತ್ತಿದೆ, ಮನೆಯಲ್ಲೇ ಸರಿಹೋಗುತ್ತದಾ?

ಅಣ್ಣ ಮೊನ್ನೆ ಮಾಲೆ ಹಾಕಿದ್ದಾರೆ, ಅವತ್ತಿಂದ ಕುಡಿದಿಲ್ಲ, ನಿನ್ನೆಯಿಂದ ಕೈ ನಡುಕ, ಬೆವರು, ನಿದ್ದೆಯಿಲ್ಲ ಅಂತ ಬರೆದಿದ್ದೀರಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮಾಲೆ ಹಾಕುವ ಕಾಲದಲ್ಲಿ ಇಂಥವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಕಾಲು ಮುರಿದು ಅಡ್ಮಿಟ್ ಆದವರಿಗೂ ಹೀಗಾಗುವುದುಂಟು. ಕುಡಿತದ ವಿಷಯ ಮನೆಯವರು ಮುಚ್ಚಿಟ್ಟಿರುತ್ತಾರೆ, ಮೂರನೇ ದಿನ ರೋಗಿ ಡ್ರಿಪ್ ಕಿತ್ತುಕೊಂಡು ಓಡಲು ನೋಡುತ್ತಾರೆ.

ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು ಕುಡಿತದ ಮಂಪರಿಗೆ ಎದುರಾಗಿ ಜೋರಾಗಿ ಕೆಲಸ ಮಾಡಲು ಕಲಿತಿರುತ್ತದೆ. ಎಣ್ಣೆ ಒಮ್ಮೆಲೇ ನಿಂತರೆ ಆ ಜೋರು ಮಾತ್ರ ಉಳಿಯುತ್ತದೆ. ನಡುಕ, ವಾಂತಿ, ಎದೆಬಡಿತ 6ರಿಂದ 24 ಗಂಟೆಯೊಳಗೆ ಶುರುವಾಗುತ್ತವೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯಲ್ಲಿ. ಆಮೇಲೆ, 96 ಗಂಟೆಯ ತನಕ, ಕೆಲವರಿಗೆ ಡೆಲಿರಿಯಂ ಆಗುತ್ತದೆ. ಎಲ್ಲಿದ್ದೇನೆ ಅಂತ ಗೊತ್ತಾಗಲ್ಲ, ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಜ್ವರ ಏರುತ್ತದೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಹೋಗಿ ಹೊತ್ತು ಕಳೆದರೆ ಜೀವಕ್ಕೇ ಅಪಾಯ. ಫಿಟ್ಸ್ ಬಂದರೆ, ಏನೇನೋ ಮಾತಾಡತೊಡಗಿದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಮಾಲೆ ತೆಗೆಯಬೇಕಾಗುತ್ತದೆ ಅಂತ ಅಣ್ಣ ಹಿಂಜರಿದರೆ, ಅದೇನೂ ಬೇಡ ಅನ್ನಿ. ಮಾಲೆ ಹಾಕಿಕೊಂಡೇ ಚಿಕಿತ್ಸೆ ಪಡೆಯಬಹುದು.

ಡಾಕ್ಟರ್ ಹತ್ತಿರ "ಸ್ವಲ್ಪ ಕುಡೀತಾರೆ" ಅನ್ನಬೇಡಿ. ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಗೆ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ, ಎಲ್ಲ ಹೇಳಿ. ಡೋಸ್ ನಿಂತಿರುವುದು ಅದರ ಮೇಲೆ. ಸಾಮಾನ್ಯವಾಗಿ ಮೆದುಳನ್ನು ಶಾಂತ ಮಾಡುವ ಕ್ಲೋರ್‌ಡಯಾಜೆಪಾಕ್ಸೈಡ್ ಕೊಡುತ್ತಾರೆ, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ದಿನದಿಂದ ದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಇವನ್ನು ಮೆಡಿಕಲ್ ಶಾಪಿನಿಂದ ತಂದು ನೀವೇ ಕೊಡಬೇಡಿ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಇಂಜೆಕ್ಷನ್ ಬೇಕು. ಗ್ಲೂಕೋಸ್ ಹಾಕುವ ಮೊದಲೇ ಕೊಡುವುದು ವಾಡಿಕೆ. ಸರಿಯಾಗಿ ಊಟ ಮಾಡದೆ ಕುಡಿದವರಲ್ಲಿ ಅದು ಬರಿದಾಗಿರುತ್ತದೆ, ಹಾಗೇ ಬಿಟ್ಟರೆ ನೆನಪಿನ ಶಕ್ತಿಯೇ ಹೋಗಬಹುದು.

ನಡುಕ ನಿಂತಿತು ಅಂದರೆ ಚಟ ಹೋಯಿತು ಅಂತಲ್ಲ. ಆಸೆ ತಡೆಯಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳಿವೆ, ಕೌನ್ಸೆಲಿಂಗ್ ಇದೆ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ನಿಮಗೆ ಹತ್ತಿರದ್ದು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು ಮಾತು. ಯಾರಾದರೂ ಕುಡಿತ ಬಿಡಿಸಲು ಊಟದ ಸಾರಿನಲ್ಲಿ ಬೆರೆಸುವ ಪುಡಿ ಕೊಡುತ್ತೇವೆ ಅಂದರೆ ತರಬೇಡಿ. ಅದರಲ್ಲಿ ಡೈಸಲ್ಫಿರಾಮ್, ಅಂದರೆ ಎಣ್ಣೆ ಜೊತೆ ಸೇರಿದರೆ ಮೈಗಾಗದ ಔಷಧಿ, ಇದ್ದು, ಅಣ್ಣ ಗೊತ್ತಿಲ್ಲದೆ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.