ತುರ್ತಿನಲ್ಲಿ ಬಿಜಿಪಿ ಫಿಲ್ಟರ್ ಬದಲಿಸುವಾಗ ಬೇರೇನೂ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ನೆಟ್‌ವರ್ಕ್‌ಗಳು ದಾರಿಗಳನ್ನು ಹಂಚಿಕೊಳ್ಳುವ ಬಿಜಿಪಿಯಲ್ಲಿ ಯಾವ ದಾರಿ ಒಪ್ಪಬೇಕೆಂದು ಹೇಳುವುದು ಫಿಲ್ಟರ್. ಗ್ರಾಹಕರ ಹೊಸ ಪ್ರಿಫಿಕ್ಸ್ (ಐಪಿ ವಿಳಾಸಗಳ ಗುಂಪು) ರಾತ್ರೋರಾತ್ರಿ ತೆರೆಯಬೇಕು, ಇಲ್ಲವೇ ದಾಳಿಗೆ ಸಿಕ್ಕ ಐಪಿಯನ್ನು ಬ್ಲ್ಯಾಕ್‌ಹೋಲ್ ಮಾಡಬೇಕು, ಅಂದರೆ ಅದಕ್ಕೆ ಬರುವ ಟ್ರಾಫಿಕ್ಕನ್ನೆಲ್ಲ ಬಿಸಾಡಬೇಕು. ಕೈ ಹಾಕಿದಾಗಲೆಲ್ಲ ಇನ್ನೇನೋ ಕೆಡುತ್ತದೆ ಅಂತ ಕೇಳಿದ್ದೀರಿ. ಆ ಹೊತ್ತಲ್ಲಿ ಒಪ್ಪುವ ಪ್ರಿಫಿಕ್ಸ್‌ಗಳ ಮುಖ್ಯ ಲಿಸ್ಟನ್ನು ಮುಟ್ಟಲೇಬೇಡಿ ಅನ್ನುತ್ತೇನೆ ನಾನು.

ಸಿಸ್ಕೋ ರೂಟರ್‌ಗಳ ಐಓಎಸ್‌ನಲ್ಲಿ ಲಿಸ್ಟನ್ನು ಅಳಿಸಿ ಮತ್ತೆ ಪೇಸ್ಟ್ ಮಾಡುವುದೇ ದೊಡ್ಡ ಅಪಾಯ. ಇಲ್ಲದ ಪ್ರಿಫಿಕ್ಸ್ ಲಿಸ್ಟನ್ನು ರೂಟ್-ಮ್ಯಾಪ್ (ದಾರಿಗಳನ್ನು ಪರೀಕ್ಷಿಸುವ ನಿಯಮಗಳ ಸರಣಿ) ಕರೆದರೆ ಎಲ್ಲವೂ ಹೊಂದುತ್ತದೆ, ಅಂದರೆ ಬಾಗಿಲು ಪೂರ್ತಿ ತೆರೆದಂತೆ. ಅದಕ್ಕೇ ಪ್ರತಿ ಗ್ರಾಹಕರ ಪಾಲಿಸಿಯಲ್ಲೂ ಪುಟ್ಟದೊಂದು ತುರ್ತು ಲಿಸ್ಟ್ ಮೊದಲೇ ಇಟ್ಟಿರಿ. ಅದರಲ್ಲಿ ಸೀಕ್ವೆನ್ಸ್ 9999ರಲ್ಲಿ 0.0.0.0/0 ಎಲ್‌ಇ 32 ಡಿನೈ (ಯಾವುದನ್ನೂ ಒಪ್ಪಬೇಡ ಎನ್ನುವ ಸಾಲು) ಸದಾ ಇರಲಿ. ಲಿಸ್ಟ್ ಖಾಲಿಯಾಗುವ ಪ್ರಶ್ನೆಯೇ ಬರುವುದಿಲ್ಲ. ಬೇಕಾದಾಗ, ಉದಾಹರಣೆಗೆ, ಸೀಕ್ವೆನ್ಸ್ 10ರಲ್ಲಿ 203.0.113.0/24 ಪರ್ಮಿಟ್ ಎಂದು ಒಂದೇ ಸಾಲು ಸೇರಿಸಿ. ಮುಖ್ಯ ಲಿಸ್ಟಿಗೆ ಕೈಯಾರೆ ಸೇರಿಸಿದ್ದನ್ನು ಐಆರ್‌ಆರ್ (ದಾರಿಗಳ ಸಾರ್ವಜನಿಕ ನೋಂದಣಿ) ನೋಡಿ ಲಿಸ್ಟ್ ಬರೆಯುವ ಬಿಜಿಪಿಕ್ಯೂ4 ಸ್ಕ್ರಿಪ್ಟ್ ಮುಂದಿನ ಓಟದಲ್ಲೇ ನುಂಗಿಬಿಡುತ್ತದೆ. ತುರ್ತು ಲಿಸ್ಟ್ ಅದರ ಕೈಗೆ ಸಿಗದಂತಿರಬೇಕು. ಐಆರ್‌ಆರ್ ದಾಖಲೆ, ಆರ್‌ಓಎ (ಪ್ರಿಫಿಕ್ಸನ್ನು ಯಾರು ಪ್ರಕಟಿಸಬಹುದೆಂಬ ಸಹಿ ಮಾಡಿದ ದಾಖಲೆ) ಸರಿಯಾದ ಮೇಲೆ ಆ ಸಾಲು ತೆಗೆಯಿರಿ. ಯಾವಾಗ ತೆಗೆಯಬೇಕೆಂದು ಟಿಕೆಟ್‌ನಲ್ಲಿ ಬರೆಯದಿದ್ದರೆ ಅದು ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ.

ಬ್ಲ್ಯಾಕ್‌ಹೋಲ್ ಕೆಲಸ ಮಾಡದಿರಲು ಹೆಚ್ಚಾಗಿ ಟರ್ಮ್‌ಗಳ (ಪಾಲಿಸಿಯ ಒಂದೊಂದು ನಿಯಮದ) ಕ್ರಮವೇ ಕಾರಣ. /24ಕ್ಕಿಂತ ಚಿಕ್ಕದನ್ನು ತಳ್ಳುವ ಟರ್ಮ್ ಮೇಲಿದ್ದರೆ /32, ಅಂದರೆ ಒಂದೇ ಐಪಿ, ಅಲ್ಲೇ ಸಾಯುತ್ತದೆ. ಆರ್‌ಓಎಯ ಗರಿಷ್ಠ ಉದ್ದ 24 ಇದ್ದರೆ ಆರ್‌ಓಎಗಳ ಆಧಾರದ ಮೇಲೆ ಪರೀಕ್ಷಿಸುವ ಆರ್‌ಪಿಕೆಐ ಅದನ್ನು ಇನ್‌ವ್ಯಾಲಿಡ್ ಅನ್ನುತ್ತದೆ. ಹಾಗಾಗಿ 65535:666 ಕಮ್ಯುನಿಟಿ (ಬ್ಲ್ಯಾಕ್‌ಹೋಲ್ ಮಾಡಿ ಎನ್ನುವ ಗುರುತು) ನೋಡುವ ಟರ್ಮ್ ಇವೆರಡಕ್ಕೂ ಮೊದಲು ಬರಲಿ. ಆದರೆ ಅದು ಒಪ್ಪುವುದು ಆ ಗ್ರಾಹಕರ ಸ್ವಂತ ಪ್ರಿಫಿಕ್ಸ್ ಒಳಗಿನ /32ಗಳನ್ನು ಮಾತ್ರ.

ಜುನಿಪರ್ ಆದರೆ ‘ಕಮಿಟ್ ಕನ್ಫರ್ಮ್ಡ್ 5’ ಕೊಡಿ: ಐದು ನಿಮಿಷದೊಳಗೆ ಮತ್ತೆ ಕಮಿಟ್ ಮಾಡದಿದ್ದರೆ ಹಳೆಯದಕ್ಕೆ ಮರಳುತ್ತದೆ. ಐಓಎಸ್‌ನಲ್ಲಿ ‘ಕಾನ್ಫಿಗರ್ ಟರ್ಮಿನಲ್ ರಿವರ್ಟ್ ಟೈಮರ್ 5’ ಇದೆ, ಆದರೆ ಹಳೆಯ ಕಾನ್ಫಿಗ್ ಉಳಿಸಿಡುವ ಆರ್ಕೈವ್ ಮೊದಲೇ ಹೊಂದಿಸಿರಬೇಕು. ಬಿಜಿಪಿ ಸೆಷನ್ ಬೀಳಿಸಬೇಡಿ, ದಾರಿಗಳನ್ನಷ್ಟೇ ಮತ್ತೆ ಪರೀಕ್ಷಿಸುವ ಸಾಫ್ಟ್ ಕ್ಲಿಯರ್ ಸಾಕು. ಆ ಬಿಜಿಪಿ ನೆರೆಯಿಂದ (ಗ್ರಾಹಕರ ರೂಟರ್‌ನಿಂದ) ಒಪ್ಪಿದ ಪ್ರಿಫಿಕ್ಸ್ ಎಷ್ಟೆಂದು ಮುಂಚೆ, ಆಮೇಲೆ ಎರಡೂ ಸಲ ನೋಡಿ. ಒಂದು ಸಾಲು ತೆರೆದದ್ದಕ್ಕೆ ಸಂಖ್ಯೆ 12ರಿಂದ 13 ಆಗಬೇಕೇ ಹೊರತು 900 ಅಲ್ಲ.

ಕೀಬೋರ್ಡ್ ಒಬ್ಬರ ಕೈಯಲ್ಲೇ ಇರಲಿ. 2022ರ ಜೂನ್ 21ರಂದು ಕ್ಲೌಡ್‌ಫ್ಲೇರ್ ಕಂಪನಿಯಲ್ಲಿ ಟರ್ಮ್‌ಗಳ ಕ್ರಮ ಬದಲಾಗಿ 19 ಡೇಟಾ ಸೆಂಟರ್‌ಗಳಿಗೆ ಪೆಟ್ಟು ಬಿತ್ತು. ಸರಿಪಡಿಸಲು ಹೋದ ಎಂಜಿನಿಯರುಗಳು ಒಬ್ಬರ ರಿವರ್ಟನ್ನು ಇನ್ನೊಬ್ಬರು ರಿವರ್ಟ್ ಮಾಡಿ ತೊಂದರೆ ಮತ್ತೆ ಮತ್ತೆ ತಲೆಯೆತ್ತಿತು.